ನೇರ ರಸ್ತೆ ಹಾವಿನ ಹಾಗೆ ಕಂಡರೆ

ಪ್ರಶ್ನೆ: ವಿಮಾನದಿಂದ ತೆಗೆದ ಹೈಪರ್‌ಸ್ಪೆಕ್ಟ್ರಲ್ ಚಿತ್ರಗಳು (ಪ್ರತಿ ಪಿಕ್ಸೆಲ್‌ನಲ್ಲೂ ಬೆಳಕನ್ನು ಹತ್ತಾರು, ನೂರಾರು ಬಣ್ಣಗಳಾಗಿ ಬಿಡಿಸಿ ಅಳೆದವು) ನನ್ನ ಹತ್ತಿರ ಇವೆ. ಹಾರಾಟದ ಎತ್ತರ ನೆಲದಿಂದ 1,500 ಮೀಟರ್, ಪಿಕ್ಸೆಲ್ 1 ಮೀಟರ್. ನೇರ ರಸ್ತೆಗಳು ಹಾವಿನ ಹಾಗೆ ಕಾಣುತ್ತಿದ್ದವು. ನೆಲದ ಮೇಲೆ 25 ಗುರುತು ಹಿಡಿದು ಪಾಲಿನೋಮಿಯಲ್ (ಇಡೀ ಚಿತ್ರವನ್ನು ಎಳೆದು ನಕ್ಷೆಗೆ ಕೂರಿಸುವ ಒಂದೇ ಸಮೀಕರಣ) ಹಾಕಿದರೂ ಡೊಂಕು ಹೋಗಲಿಲ್ಲ. ಜಿಪಿಎಸ್ ಮತ್ತು ಐಎಂಯು (ವಾಲು ಅಳೆಯುವ ಸಾಧನ) ದಾಖಲೆ ಬಳಸಿದ ಮೇಲೆ ರಸ್ತೆ ನೆಟ್ಟಗಾಯಿತು. ಆದರೆ ಪಕ್ಕಪಕ್ಕದ ಪಟ್ಟಿಗಳು ಸೇರುವಲ್ಲಿ ಸುಮಾರು 4 ಮೀಟರ್ ಅಡ್ಡಕ್ಕೆ ಜಾರಿವೆ. ತಪ್ಪು ಎಲ್ಲಿದೆ? ವರ್ಗೀಕರಣ (ಯಾವ ಪಿಕ್ಸೆಲ್ ಮರ, ಯಾವುದು ರಸ್ತೆ ಅಂತ ಗುರುತಿಸುವುದು) ಚಿತ್ರವನ್ನು ನಕ್ಷೆಗೆ ಕೂರಿಸುವ ಮೊದಲು ಮಾಡಬೇಕೋ, ಆಮೇಲೋ?

ಉತ್ತರ: 25 ಅಲ್ಲ, 250 ಗುರುತು ಕೊಟ್ಟಿದ್ದರೂ ಪಾಲಿನೋಮಿಯಲ್ ಕೈಕೊಡುತ್ತಿತ್ತು. ನಿಮ್ಮದು ಪುಷ್‌ಬ್ರೂಮ್ ಕ್ಯಾಮೆರಾ ಇರಬೇಕು. ಅದು ಇಡೀ ಚಿತ್ರವನ್ನು ಒಮ್ಮೆಗೇ ತೆಗೆಯುವುದಿಲ್ಲ, ಒಂದೊಂದೇ ಸಾಲು ತೆಗೆಯುತ್ತದೆ. ವಿಮಾನ ಸೆಕೆಂಡಿಗೆ 60 ಮೀಟರ್ ಹೋಗುತ್ತಿದ್ದರೆ ಸೆಕೆಂಡಿಗೆ 60 ಸಾಲು. ಪ್ರತಿ ಸಾಲಿಗೂ ವಿಮಾನ ಇದ್ದ ಜಾಗ ಬೇರೆ, ಅದರ ವಾಲು ಬೇರೆ. 1,500 ಮೀಟರ್ ಎತ್ತರದಲ್ಲಿ 1 ಡಿಗ್ರಿ ರೋಲ್ ಆದರೆ, ಅಂದರೆ ವಿಮಾನ ಪಕ್ಕಕ್ಕೆ ವಾಲಿದರೆ, ಆ ಸಾಲು ನೆಲದ ಮೇಲೆ 26 ಮೀಟರ್ ಪಕ್ಕಕ್ಕೆ ಹೋಗುತ್ತದೆ. ಇಂಥ ಸಾವಿರಾರು ಸಾಲುಗಳನ್ನು ಒಂದೇ ಸಮೀಕರಣದಿಂದ ಎಳೆದು ನೇರ ಮಾಡೋಕಾಗುತ್ತಾ? ಹಾಗಾಗಿ ಎರಡನೇ ಸಲ ನೀವು ಹಿಡಿದ ದಾರಿಯೇ ಸರಿ.

ಇನ್ನು ಆ 4 ಮೀಟರ್. ನನ್ನ ಮೊದಲ ಅನುಮಾನ ಬೋರ್‌ಸೈಟ್ ಮೇಲೆ, ಅಂದರೆ ಐಎಂಯು ಮತ್ತು ಕ್ಯಾಮೆರಾ ನಡುವಿನ ಕೋನದ ಮೇಲೆ. ಐಎಂಯು ತನ್ನ ವಾಲನ್ನು ಅಳೆಯುತ್ತದೆ, ಕ್ಯಾಮೆರಾದ್ದನ್ನಲ್ಲ. ಎರಡನ್ನೂ ಎಷ್ಟೇ ಹುಷಾರಾಗಿ ಜೋಡಿಸಿದರೂ ನಡುವೆ ಒಂದು ಪುಟ್ಟ ಕೋನ ಉಳಿದೇ ಉಳಿಯುತ್ತದೆ. ವಿಮಾನ ಒಂದು ಪಟ್ಟಿಯನ್ನು ಹೋಗುತ್ತಾ, ಪಕ್ಕದ್ದನ್ನು ವಾಪಸ್ ಬರುತ್ತಾ ತೆಗೆದಿದ್ದರೆ ರೋಲ್ ದಿಕ್ಕಿನ ಈ ಕೋನ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಳ್ಳುತ್ತದೆ. ಅಂದರೆ ಒಂದೊಂದರ ಪಾಲು 2 ಮೀಟರ್. ಲೆಕ್ಕ ಹಾಕಿದರೆ 0.08 ಡಿಗ್ರಿಗಿಂತ ಕಡಿಮೆ. ಕಣ್ಣಿಗೆ ಕಾಣದಷ್ಟು!

ಆದರೆ ಅಷ್ಟಕ್ಕೇ ಕೋನ ತಿದ್ದಲು ಹೊರಡಬೇಡಿ. ನೆಲದ ಎತ್ತರದ ಮಾದರಿ, ಅಂದರೆ ಡಿಇಎಂ ತಪ್ಪಿದ್ದರೂ ಲಕ್ಷಣ ಹೀಗೇ ಇರುತ್ತದೆ. ಪಟ್ಟಿಯ ಅಂಚಿನಲ್ಲಿ ಕ್ಯಾಮೆರಾ 17 ಡಿಗ್ರಿ ಓರೆಯಾಗಿ ನೋಡುತ್ತಿದೆ ಅಂದುಕೊಳ್ಳಿ. ಎತ್ತರ 10 ಮೀಟರ್ ತಪ್ಪಾದರೆ ಅಂಚು 3 ಮೀಟರ್ ಜಾರುತ್ತದೆ. ಇಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುವ ಕಲ್ಲೊಂದಿದೆ (ನಾನೂ ಎಡವಿದ್ದೇನೆ). ಜಿಪಿಎಸ್ ಕೊಡುವುದು ಎಲಿಪ್ಸಾಯ್ಡ್ ಎತ್ತರ (ಭೂಮಿಯ ಆಕಾರಕ್ಕೆ ಹೊಂದಿಸಿದ, ಗಣಿತದ ಚಪ್ಪಟೆ ಗೋಳದಿಂದ ಅಳೆದದ್ದು), ಬಹಳಷ್ಟು ಡಿಇಎಂಗಳಲ್ಲಿ ಇರುವುದು ಸಮುದ್ರ ಮಟ್ಟದಿಂದ ಎತ್ತರ. ಎರಡರ ನಡುವಿನ ವ್ಯತ್ಯಾಸ ಕೆಲವು ಕಡೆ 100 ಮೀಟರ್ ಹತ್ತಿರ ಹೋಗುತ್ತದೆ. ಸುಮ್ನೆ ಒಮ್ಮೆ ನೋಡಿಬಿಡಿ.

ಇವೆರಡರಲ್ಲಿ ಯಾವುದು ಅಂತ ತಿಳಿಯೋದು ಸುಲಭ. ಒಂದೇ ದಿಕ್ಕಿನಲ್ಲಿ ಹಾರಿ ತೆಗೆದ, ಅಂಚು ಕೂಡುವ ಎರಡು ಪಟ್ಟಿ ಹುಡುಕಿ. ಅವು ಸರಿಯಾಗಿ ಕೂತು, ಎದುರು ದಿಕ್ಕಿನವು ಮಾತ್ರ ತಪ್ಪಿದರೆ ಬೋರ್‌ಸೈಟ್. ಎಲ್ಲ ಪಟ್ಟಿಗಳೂ ಅಂಚಿನಲ್ಲಿ ತಪ್ಪಿ, ವಿಮಾನದ ನೇರ ಕೆಳಗಿನ ಜಾಗ ಮಾತ್ರ ಸರಿಯಿದ್ದರೆ ಎತ್ತರದ ತಪ್ಪು. ಬೋರ್‌ಸೈಟ್ ಆಗಿದ್ದರೆ ಖುಷಿಪಡಿ. ಕ್ಯಾಮೆರಾ ಬಿಚ್ಚದೆ ಹಾರಿಸಿದ ಎಲ್ಲ ಪಟ್ಟಿಗಳಿಗೂ ಒಂದೇ ತಿದ್ದುಪಡಿ ಸಾಕು. ನಿಮ್ಮ 25 ಗುರುತುಗಳು ಈಗ ಆ ಕೋನ ಕಂಡುಹಿಡಿಯಲು ಕೆಲಸಕ್ಕೆ ಬರುತ್ತವೆ.

ವರ್ಗೀಕರಣ? ನಾನಾದರೆ ಮೂಲ ಸಾಲುಗಳ ಮೇಲೇ ಮೊದಲು ಮಾಡಿ, ಆಮೇಲೆ ಫಲಿತಾಂಶವನ್ನು ನಕ್ಷೆಗೆ ಕೂರಿಸುತ್ತೇನೆ. ಚಿತ್ರವನ್ನೇ ಮೊದಲು ಕೂರಿಸಬೇಕಾದರೆ ನಿಯರೆಸ್ಟ್ ನೇಬರ್ ಮಾತ್ರ ಬಳಸಿ, ಅದು ಅತಿ ಹತ್ತಿರದ ಪಿಕ್ಸೆಲ್‌ನ ಬೆಲೆಯನ್ನು ಹಾಗೇ ತೆಗೆದುಕೊಳ್ಳುತ್ತದೆ. ಸುತ್ತಲ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕುವ ಕ್ಯೂಬಿಕ್ ವಿಧಾನ ನೋಡಲು ನುಣುಪಾಗಿರುತ್ತದೆ, ನಿಜ. ಆದರೆ ಅದು ಪಕ್ಕದ ಪಿಕ್ಸೆಲ್‌ಗಳ ಸ್ಪೆಕ್ಟ್ರಮ್‌ಗಳನ್ನು (ವಸ್ತುವನ್ನು ಗುರುತಿಸಲು ನೆರವಾಗುವ ಬಣ್ಣಗಳ ಅಳತೆ) ಬೆರೆಸುತ್ತದೆ. ಮರ ಮತ್ತು ರಸ್ತೆಯ ನಡುವೆ ನೆಲದ ಮೇಲೆ ಇಲ್ಲದ ವಸ್ತುವೊಂದು ನಿಮ್ಮ ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ.