ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ ಪಠ್ಯಕ್ರಮದ ಬಗ್ಗೆ ವಿದ್ಯಾರ್ಥಿಗಳ ಮಾತು ನಡೆಯುತ್ತದೆಯೇ? ಕಲಿಸುವ ಅವಕಾಶ ಸಿಗುತ್ತದೆಯೇ?

ನಡೆಯುತ್ತದೆ, ಅದೂ ಸುಮ್ನೆ ಹೆಸರಿಗಲ್ಲ. ಅಲ್ಲಿ ಎಂ.ಡಿ. ಕೋರ್ಸಿಗೆ (ನಮ್ಮ ಎಂಬಿಬಿಎಸ್ ತರಹದ ಮೊದಲ ವೈದ್ಯ ಪದವಿ) ಮಾನ್ಯತೆ ಕೊಡುವುದು 1942ರಲ್ಲಿ ಶುರುವಾದ ಎಲ್‌ಸಿಎಂಇ ಅನ್ನುವ ಸಂಸ್ಥೆ. ಅದರ ಸದಸ್ಯರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ. ಸಾಮಾನ್ಯವಾಗಿ 8 ವರ್ಷಕ್ಕೊಮ್ಮೆ ಪೂರ್ತಿ ಪರಿಶೀಲನೆ ನಡೆಯುತ್ತದೆ. ಆಗ ಕಾಲೇಜಿನ ವರದಿಯ ಜೊತೆಗೆ ವಿದ್ಯಾರ್ಥಿಗಳೇ ಸಮೀಕ್ಷೆ ಮಾಡಿ ಬೇರೆ ವರದಿ ಬರೆಯುತ್ತಾರೆ. ಪಾಠ ಹೇಗಿದೆ, ಮೇಷ್ಟ್ರು ಹೇಗೆ ನಡೆಸಿಕೊಳ್ಳುತ್ತಾರೆ, ದೂರಿಗೆ ಬೆಲೆ ಇದೆಯಾ, ಎಲ್ಲವೂ ಅದರಲ್ಲಿ ಬರುತ್ತದೆ. ಆಡಳಿತದವರು ಅದರಲ್ಲಿ ಕೈಯಾಡಿಸುವಂತಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಇದೇ.

ಕಲಿಸುವ ಅವಕಾಶವೂ ಇದೆ. ಅನಾಟಮಿ ಲ್ಯಾಬ್‌ನಲ್ಲಿ ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿಕೊಡುತ್ತಾರೆ. ಅನೇಕ ಕಡೆ 4ನೇ ವರ್ಷದಲ್ಲಿ ಬೋಧನೆಯದ್ದೇ ಎಲೆಕ್ಟಿವ್ (ಇಷ್ಟವಿದ್ದರೆ ಆರಿಸಿಕೊಳ್ಳುವ ವಿಷಯ) ಇರುತ್ತದೆ. ರೆಸಿಡೆಂಟ್, ಅಂದರೆ ಪದವಿ ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಡಾಕ್ಟರ್ ಆದ ಮೇಲೆ ಹೇಗೂ ಕಲಿಸಲೇಬೇಕು ಅಲ್ವಾ?

ಸೇರುವ ಮುಂಚೆ ಒಂದನ್ನು ಕೇಳಿ: ಪಠ್ಯಕ್ರಮ ಸಮಿತಿಯಲ್ಲಿ ವಿದ್ಯಾರ್ಥಿಗೆ ಕುರ್ಚಿ ಮಾತ್ರವೋ, ವೋಟೂ ಇದೆಯೋ?