ಎಲೆಕ್ಟ್ರಾನಿಕ್ ಲೋಡ್ ಪದೇ ಪದೇ ಅಲಾರಂ ಕೊಟ್ಟು ನಿಲ್ಲುವುದೇಕೆ?

ನಮಸ್ಕಾರ. 150 ವೋಲ್ಟ್, 30 ಆಂಪಿಯರ್, 300 ವ್ಯಾಟ್ ಎಂದು ಬರೆದಿರುವ ಡಿಸಿ ಎಲೆಕ್ಟ್ರಾನಿಕ್ ಲೋಡ್ (ಪವರ್ ಸಪ್ಲೈ, ಬ್ಯಾಟರಿಗಳಿಂದ ಬೇಕಾದಷ್ಟು ಕರೆಂಟ್ ಎಳೆದು ಅವನ್ನು ಪರೀಕ್ಷಿಸುವ ಉಪಕರಣ) ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ. 12 ವೋಲ್ಟಿನ ಎಸ್‌ಎಂಪಿಎಸ್ ಪವರ್ ಸಪ್ಲೈಗೆ 15 ಆಂಪಿಯರ್ ಇಟ್ಟಾಗ ತೊಂದರೆಯಿಲ್ಲದೆ ನಡೆದ ಅದು, 24 ವೋಲ್ಟಿನದಕ್ಕೆ ಅಷ್ಟೇ ಆಂಪಿಯರ್ ಇಟ್ಟ ಕೂಡಲೇ ಓಪಿಪಿ ಎಂಬ ಅಲಾರಂ ತೋರಿಸಿ ನಿಲ್ಲುತ್ತದೆ. ಕಡಿಮೆ ಮಾಡಿ ನಡೆಸಿದರೆ ಅರ್ಧ ಗಂಟೆಗೆ ಓಟಿಪಿ ಎಂಬ ಇನ್ನೊಂದು ಅಲಾರಂ ಬರುತ್ತದೆ. ಡಿಸ್‌ಪ್ಲೇಯ ವೋಲ್ಟೇಜು ಮಲ್ಟಿಮೀಟರಿಗೆ ತಾಳೆಯಾಗುವುದಿಲ್ಲ. ಲೋಡ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಪವರ್ ಸಪ್ಲೈ ಪರೀಕ್ಷಿಸುವ ಬೆಂಚಿನಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಹೇಳುವುದಾದರೆ, ನೀವು ಬರೆದಿರುವ ಯಾವ ಲಕ್ಷಣವೂ ಕೆಟ್ಟ ಲೋಡಿನದಲ್ಲ. ಅಲಾರಂ ಬಂದೊಡನೆ ಬಟನ್ ಒತ್ತಿ ಅಳಿಸಿ ಮತ್ತೆ ಆನ್ ಮಾಡುತ್ತಿದ್ದೀರಲ್ಲ, ನನಗೆ ಚಿಂತೆಯಾದದ್ದು ಆ ಅಭ್ಯಾಸದ ಬಗ್ಗೆ.

ಮೊದಲು ಡಿಸ್‌ಪ್ಲೇ. ಹೆಚ್ಚಿನ ಮಾದರಿಗಳಲ್ಲಿ ದೊಡ್ಡ ಅಂಕಿಗಳು ಆಗ ಅಳೆದ ವೋಲ್ಟ್ ಮತ್ತು ಆಂಪಿಯರ್. ಸಣ್ಣ ಅಂಕಿಗಳಲ್ಲಿ ವ್ಯಾಟ್ ಮತ್ತು ನೀವು ನಾಬ್ ತಿರುಗಿಸಿ ಇಟ್ಟ ಬೆಲೆ ಇರುತ್ತವೆ. ಇಟ್ಟ ಬೆಲೆ ಬೇರೆ, ಹರಿಯುತ್ತಿರುವುದು ಬೇರೆ ಎಂಬುದು ಕಣ್ಣಿಗೆ ಅಭ್ಯಾಸವಾಗಬೇಕು. ಉದಾಹರಣೆಗೆ, ಸಿಸಿ ಮೋಡಿನಲ್ಲಿ (ಇಟ್ಟಷ್ಟೇ ಕರೆಂಟನ್ನು ಸ್ಥಿರವಾಗಿ ಎಳೆಯುವ ಮೋಡ್) 5 ಆಂಪಿಯರ್ ಇಟ್ಟಿದ್ದೀರಿ, ಆದರೆ ಪವರ್ ಸಪ್ಲೈಯ ಕರೆಂಟ್ ಲಿಮಿಟ್ 3 ಆಂಪಿಯರಿಗೆ ಇದೆ ಎಂದುಕೊಳ್ಳಿ. ಲೋಡ್ ತನ್ನ 5 ಆಂಪಿಯರನ್ನು ಎಳೆಯಲು ಪೂರ್ತಿ ತೆರೆದುಕೊಳ್ಳುತ್ತದೆ, ಸಪ್ಲೈ 3ಕ್ಕಿಂತ ಹೆಚ್ಚು ಬಿಡುವುದಿಲ್ಲ, ವೋಲ್ಟೇಜು ಕುಸಿದು ಸೊನ್ನೆಯ ಹತ್ತಿರ ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ ಅಲಾರಂ ಬಾರದೆಯೂ ಇರಬಹುದು. ವಿಷಯ ತಿಳಿಯುವುದು ಅಂಕಿಗಳಿಂದ ಮಾತ್ರ.

ಇನ್ನು ಓಪಿಪಿ. ಇದು ವ್ಯಾಟ್ ಮಿತಿ ದಾಟಿದ ಸೂಚನೆ. 12 ವೋಲ್ಟಿನಲ್ಲಿ 15 ಆಂಪಿಯರ್ ಎಂದರೆ 180 ವ್ಯಾಟ್. 24 ವೋಲ್ಟಿನಲ್ಲಿ ಅದೇ 15 ಆಂಪಿಯರ್ 360 ವ್ಯಾಟ್. ಮುಂಭಾಗದಲ್ಲಿ ಬರೆದಿರುವ 150 ವೋಲ್ಟ್ ಮತ್ತು 30 ಆಂಪಿಯರ್ ಎರಡನ್ನೂ ಒಟ್ಟಿಗೆ ಬಳಸಬಹುದೆಂದು ಹೊಸಬರು ನಂಬುವುದು ಸಹಜ, ಆದರೆ ಹಾಗೆ ಬಳಸಿದರೆ 4500 ವ್ಯಾಟ್ ಆಗುತ್ತದೆ. ನಿಮ್ಮ 300 ವ್ಯಾಟಿಗೆ 24 ವೋಲ್ಟಿನಲ್ಲಿ ಸಿಗುವುದು 12.5 ಆಂಪಿಯರ್, 10 ವೋಲ್ಟಿನಲ್ಲಿ ಪೂರ್ತಿ 30.

ಓಟಿಪಿ ಬಿಸಿಯ ಸೂಚನೆ. ಎಳೆದ ವಿದ್ಯುತ್ತೆಲ್ಲ ಒಳಗಿನ ಮಾಸ್ಫೆಟ್‌ಗಳಲ್ಲಿ (ಕರೆಂಟನ್ನು ನಿಯಂತ್ರಿಸುವ ಟ್ರಾನ್ಸಿಸ್ಟರುಗಳು) ಶಾಖವಾಗಿ ಹೀಟ್‌ಸಿಂಕಿಗೆ ಇಳಿಯಬೇಕು. ಬಳಸಿದ ಉಪಕರಣವಾದ್ದರಿಂದ ಮುಖ್ಯ ವಿದ್ಯುತ್ ತೆಗೆದು, ಹೀಟ್‌ಸಿಂಕಿನ ರೆಕ್ಕೆಗಳ ನಡುವಿನ ಧೂಳನ್ನು ಊದಿ ತೆಗೆಯಿರಿ. ಫ್ಯಾನ್ ಸಲೀಸಾಗಿ ತಿರುಗುತ್ತದೆಯೇ, ಹಿಂಬದಿ ಗೋಡೆಗೆ ಒತ್ತಿಕೊಂಡಿದೆಯೇ ನೋಡಿ. ಓಟಿಪಿ ಬಂದಾಗ ಉಪಕರಣವನ್ನೇ ಆಫ್ ಮಾಡಬೇಡಿ, ಫ್ಯಾನ್ ಕೂಡ ನಿಂತುಬಿಡುತ್ತದೆ. ಇನ್‌ಪುಟ್ (ಕರೆಂಟ್ ಎಳೆಯುವುದನ್ನು) ಮಾತ್ರ ಆಫ್ ಮಾಡಿ ಕೆಲವು ನಿಮಿಷ ತಣಿಯಲು ಬಿಡಿ.

ವೋಲ್ಟೇಜಿನ ವ್ಯತ್ಯಾಸಕ್ಕೆ ಕಾರಣ ನಿಮ್ಮ ವೈರ್. 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎರಡೆರಡು ಮೀಟರ್ ಉದ್ದವಿದ್ದರೆ, ಹೋಗಿಬರುವ ದಾರಿ ಸೇರಿ 15 ಆಂಪಿಯರಿಗೆ ಸುಮಾರು 0.45 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಮಲ್ಟಿಮೀಟರ್ ಸಪ್ಲೈಯ ತುದಿಯಲ್ಲಿ ಅಳೆಯುತ್ತಿದೆ, ಲೋಡ್ ತನ್ನ ತುದಿಯಲ್ಲಿ. ಎರಡೂ ಸತ್ಯವನ್ನೇ ಹೇಳುತ್ತಿವೆ. ಲೋಡಿನಲ್ಲಿ ಸೆನ್ಸ್ ಟರ್ಮಿನಲ್ (ವೋಲ್ಟೇಜು ಅಳೆಯಲು ಮಾತ್ರ ಇರುವ ಟರ್ಮಿನಲ್) ಇದ್ದರೆ ಎರಡು ತೆಳು ವೈರುಗಳನ್ನು ಸಪ್ಲೈಯ ಟರ್ಮಿನಲ್ಲಿಗೇ ಎಳೆದು, ಮೆನುವಿನಲ್ಲಿ ರಿಮೋಟ್ ಸೆನ್ಸ್ ಆನ್ ಮಾಡಿ. ವೈರ್ ಹಾಕದೆ ಮೆನುವಿನಲ್ಲಿ ಮಾತ್ರ ಆನ್ ಮಾಡಿದರೆ ಡಿಸ್‌ಪ್ಲೇ ತಪ್ಪು ವೋಲ್ಟೇಜು ತೋರಿಸುತ್ತದೆ.

ನೀವು ಕೇಳದಿದ್ದರೂ ಎರಡು ಅಲಾರಂಗಳನ್ನು ಹೇಳದೆ ಬಿಡಲಾರೆ, ಏಕೆಂದರೆ ಇವುಗಳಲ್ಲಿ ಲೋಡ್ ತನ್ನನ್ನು ತಾನು ಕಾಪಾಡಿಕೊಳ್ಳಲಾರದು. ಒಂದು ಓವಿಪಿ, ವೋಲ್ಟೇಜು ಮಿತಿ ದಾಟಿದ ಸೂಚನೆ. ಅದು ಬಂದಾಗ ಲೋಡ್ ಕರೆಂಟ್ ಎಳೆಯುವುದನ್ನು ನಿಲ್ಲಿಸಬಹುದು, ಆದರೆ ಹೆಚ್ಚಿನ ವೋಲ್ಟೇಜು ಟರ್ಮಿನಲ್ಲಿನ ಮೇಲೆ ಹಾಗೆಯೇ ನಿಂತಿರುತ್ತದೆ. ಇನ್ನೊಂದು ಧನ ಋಣ ಅದಲುಬದಲಾದ ಅಲಾರಂ. ಆಗಲಂತೂ ಮಾಸ್ಫೆಟ್ ಒಳಗಿನ ಡಯೋಡ್ ಮೂಲಕ ಕರೆಂಟ್ ಹರಿದೇ ಹರಿಯುತ್ತದೆ, ಇನ್‌ಪುಟ್ ಆಫ್ ಇದ್ದರೂ. ಎಸ್‌ಎಂಪಿಎಸ್ ಆದರೆ ಅದರದೇ ಲಿಮಿಟ್ ಇರುತ್ತದೆ, ಬ್ಯಾಟರಿ ಹಾಗಲ್ಲ. ನನ್ನ ಬೆಂಚಿನಲ್ಲೇ ಒಮ್ಮೆ 12 ವೋಲ್ಟಿನ ಬ್ಯಾಟರಿಯನ್ನು ತಿರುಗುಮುರುಗಾಗಿ ಸೇರಿಸಿದಾಗ, ಬೀಪ್ ಸದ್ದು ಕೇಳಿ ನಾನು ಬಟನ್ ಹುಡುಕುವಷ್ಟರಲ್ಲಿ ವೈರಿನ ಹೊದಿಕೆ ಕರಗಿ ಹೊಗೆ ಬಂದಿತ್ತು. ಈ ಎರಡು ಅಲಾರಂಗಳಿಗೆ ಉತ್ತರ ಮುಂಭಾಗದ ಬಟನ್ನಿನಲ್ಲಿಲ್ಲ, ಸಪ್ಲೈಯನ್ನು ಆಫ್ ಮಾಡಬೇಕು ಅಥವಾ ವೈರನ್ನೇ ಬಿಡಿಸಬೇಕು. ಬ್ಯಾಟರಿಯ ಧನ ಟರ್ಮಿನಲ್ಲಿನ ಪಕ್ಕದಲ್ಲೇ ಒಂದು ಫ್ಯೂಸ್ ಹಾಕಿಕೊಳ್ಳಿ.

ಇಷ್ಟಾದ ಮೇಲೆ ನನ್ನ ಕೋರಿಕೆ ಇದು. ಟ್ರಿಪ್ ಆದ ಕೂಡಲೇ ಆಂಪಿಯರ್ ಸೊನ್ನೆಗೆ ಬಿದ್ದು ವೋಲ್ಟೇಜು ಮೇಲಕ್ಕೆ ಹಾರುವುದರಿಂದ, ಆ ಕ್ಷಣದ ಅಂಕಿಗಳು ಆಮೇಲೆ ಸಿಗುವುದು ಕಷ್ಟ. ಕರೆಂಟನ್ನು ಒಮ್ಮೆಗೇ ಇಡದೆ ಎರಡೆರಡು ಆಂಪಿಯರ್ ಏರಿಸುತ್ತ ಪ್ರತಿ ಹಂತದ ವೋಲ್ಟ್, ಆಂಪಿಯರ್, ವ್ಯಾಟ್ ಬರೆದುಕೊಳ್ಳಿ. ಅಲಾರಂ ಬಂದರೆ ಅದರ ಹೆಸರನ್ನೂ ಅದೇ ಸಾಲಿನಲ್ಲಿ ಬರೆದು, ಕಾರಣ ತಿಳಿದ ಮೇಲೆಯೇ ಅಳಿಸಿ. ಮುಂದೆ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪರೀಕ್ಷಿಸುವುದಾದರೆ ಕಟಾಫ್ ಅನ್ನು (ಲೋಡ್ ಎಳೆಯುವುದನ್ನು ನಿಲ್ಲಿಸಬೇಕಾದ ವೋಲ್ಟೇಜು) 10.5 ವೋಲ್ಟಿಗೆ ಇಟ್ಟೇ ಶುರು ಮಾಡಿ, ಏಕೆಂದರೆ ಸಿಸಿ ಮೋಡಿಗೆ ತಾನಾಗಿ ನಿಲ್ಲುವುದು ಗೊತ್ತಿಲ್ಲ.