ಶೂ ಕಂಪನಿ ದುಡ್ಡು, ಕಾಲೇಜ್ ಸೀಟು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಗನಿಗೆ ಹದಿನಾರು ವರ್ಷ, ಆರಡಿ ಮೂರಿಂಚು ಇದ್ದಾನೆ, ಶಾಲೆ ಟೀಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಾನೆ. ಪರಿಚಯದ ಒಬ್ರು ಏಜೆಂಟ್, "ದೊಡ್ಡ ಶೂ ಕಂಪನಿ ಕ್ಯಾಂಪಿಗೆ ಅಮೆರಿಕಕ್ಕೆ ಕಳಿಸ್ತೀನಿ, ಅಲ್ಲಿ ಕಾಲೇಜ್ ಸೀಟು ಕೊಡ್ಸೋರೇ ಶೂ ಕಂಪನಿಯೋರು, ಎಂಟು ಲಕ್ಷ ಆಗತ್ತೆ" ಅಂತಿದಾರೆ. ನಮ್ಮೋರದ್ದು ಮುಲುಂಡಲ್ಲಿ ಸಣ್ಣ ಹೋಟೆಲ್. ಇದೆಲ್ಲಾ ನಿಜಾನಾ?
ಒಬ್ಬ ತಾಯಿ, ಡೊಂಬಿವಿಲಿ

ಉತ್ತರ: ಅಮ್ಮಾ, ಆ ಎಂಟು ಲಕ್ಷ ದಯವಿಟ್ಟು ಕೊಡ್ಬೇಡಿ. ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲಿಗೂ ಶೂ ಕಂಪನಿಗೂ ಗಟ್ಟಿ ಸಂಬಂಧ ಇರೋದು ನಿಜ, ಆದ್ರೆ ಅಲ್ಲಿ ದುಡ್ಡು ಹೋಗೋದು ಕಂಪನಿಯಿಂದ ಕೋಚಿಗೆ, ಕಾಲೇಜಿಗೆ, ಹುಡುಗರ ಟೀಮಿಗೆ. ಕಂಪನಿಗೆ ಒಬ್ಬ ಹುಡುಗ ನಿಜವಾಗ್ಲೂ ಬೇಕು ಅನ್ಸಿದ್ರೆ ಅವನ ಓಡಾಟದ ಖರ್ಚು, ಶೂ, ಬಟ್ಟೆ ಎಲ್ಲಾ ಅವರೇ ನೋಡ್ಕೋತಾರೆ, ಹುಡುಗನ ಅಪ್ಪನ ಗಲ್ಲಾಪೆಟ್ಟಿಗೆಗೆ ಕೈ ಹಾಕಲ್ಲ. ನಿಮ್ಮ ಹತ್ರ ದುಡ್ಡು ಕೇಳ್ತಿದಾರೆ ಅಂದ್ರೇನೇ ಆ ಮನುಷ್ಯ ಆ ಲೋಕದೋನಲ್ಲ.

ಇದೆಲ್ಲಾ ಹೇಗೆ ಶುರುವಾಯ್ತು ಅಂತ ಗೊತ್ತಿದ್ರೆ ನಿಮಗೆ ಇನ್ನೂ ಧೈರ್ಯ ಬರತ್ತೆ. ಸಾನಿ ವಕ್ಕಾರೋ ಅಂತ ಒಬ್ರು, 1965ರಿಂದ ಪಿಟ್ಸ್‌ಬರ್ಗಲ್ಲಿ ಹೈಸ್ಕೂಲ್ ಹುಡುಗರ ಆಲ್‌ಸ್ಟಾರ್ ಪಂದ್ಯ ನಡೆಸ್ತಿದ್ರು, ಹಾಗಾಗಿ ದೇಶದ ದೊಡ್ಡ ದೊಡ್ಡ ಕೋಚುಗಳೆಲ್ಲಾ ಅವರಿಗೆ ಪರಿಚಯ. 1977ರ ಹೊತ್ತಿಗೆ ನೈಕಿ ಜೊತೆ ಸೇರ್ಕೊಂಡ್ರು. ಅವರ ಲೆಕ್ಕ ಸರಳವಾಗಿತ್ತು. ಕಾಲೇಜ್ ಆಟಗಾರನಿಗೆ ದುಡ್ಡು ಕೊಡೋ ಹಾಗಿಲ್ಲ ಅಂತ ಆಗ ನಿಯಮ ಇತ್ತು, ಕೋಚಿಗೆ ಕೊಡಬಾರದು ಅಂತ ಎಲ್ಲೂ ಇರ್ಲಿಲ್ಲ. ಸರಿ, ಕೋಚಿಗೆ ಚೆಕ್ ಕೊಟ್ರು, ಟೀಮಿಗೆಲ್ಲಾ ಶೂ ಫ್ರೀ ಕೊಟ್ರು, ಹುಡುಗರು ಟಿವಿಲಿ ಅದೇ ಶೂ ಹಾಕ್ಕೊಂಡು ಓಡಿದ್ರು, ಕಂಪನಿಗೆ ಜಾಹೀರಾತು ಸಿಕ್ತು. ಒಂದು ಪೈಸೆ ಸಿಗದೇ ಇದ್ದದ್ದು ಶೂ ಹಾಕ್ಕೊಂಡು ಆಡಿದ ಹುಡುಗನಿಗೆ ಮಾತ್ರ, ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಅದಕ್ಕೇ.

ಆಮೇಲೆ ಕೋಚ್ ಸಾಲಲಿಲ್ಲ, ಪೂರ್ತಿ ಕಾಲೇಜನ್ನೇ ಹಿಡಿದ್ರು. 2016ರಲ್ಲಿ ಅಂಡರ್ ಆರ್ಮರ್ ಲಾಸ್ ಏಂಜಲೀಸಿನ ಯುಸಿಎಲ್‌ಎ ಜೊತೆ 15 ವರ್ಷಕ್ಕೆ 280 ಮಿಲಿಯನ್ ಡಾಲರಿನ ಒಪ್ಪಂದ ಮಾಡ್ತು (ಅದು ಅರ್ಧಕ್ಕೇ ಮುರಿದುಬಿತ್ತು, ಆ ಮಾತು ಬೇರೆ), ಮರುವರ್ಷ ಅಡಿಡಾಸ್ ಲೂಯಿವಿಲ್ ಕಾಲೇಜಿಗೆ 10 ವರ್ಷಕ್ಕೆ 160 ಮಿಲಿಯನ್ ಅಂತು. ಇಷ್ಟು ದುಡ್ಡು ಸುರಿದ ಕಂಪನಿಗೆ ಆ ಕಾಲೇಜ್ ಗೆಲ್ಲಬೇಕು, ಗೆಲ್ಲೋಕೆ ಒಳ್ಳೇ ಹುಡುಗರು ಬೇಕು, ಆ ಹುಡುಗರು ಸಿಗೋದು ಬೇಸಿಗೆಯ ಟೂರ್ನಮೆಂಟುಗಳಲ್ಲಿ, ಆ ಟೂರ್ನಮೆಂಟ್ ನಡೆಸೋರೂ ಇದೇ ಕಂಪನಿಗಳು. ನೈಕಿದು ಇವೈಬಿಎಲ್, ಅಡಿಡಾಸಿದು ತ್ರೀಎಸ್‌ಎಸ್‌ಬಿ, ಅಂಡರ್ ಆರ್ಮರಿದು ಯುಎಎ. ಅಲ್ಲಿ ಹದಿನೈದು ಹದಿನಾರರ ಹುಡುಗ ಒಂದು ಬ್ರ್ಯಾಂಡಿನ ಜರ್ಸಿಲಿ ಆಡ್ತಾನೆ, ಅವನ ಟೀಮ್ ನಡೆಸೋನಿಗೆ ಅದೇ ಬ್ರ್ಯಾಂಡಿನ ನೆರವು, ಕೋರ್ಟ್ ಪಕ್ಕದಲ್ಲಿ ಕೂತು ನೋಡೋ ಕಾಲೇಜ್ ಕೋಚಿನ ಟೀಶರ್ಟ್ ಮೇಲೂ ಅದೇ ಗುರುತು. "ಆ ಕಾಲೇಜಿಗೆ ಹೋಗು" ಅಂತ ಯಾರೂ ಬಾಯ್ಬಿಟ್ಟು ಹೇಳ್ಬೇಕಾಗಿಲ್ಲ.

ಹಾಗಂತ ಎಲ್ಲಾ ಸಲ ಶೂನೇ ಗೆಲ್ಲತ್ತೆ ಅಂತಲ್ಲ. ಜಯಾನ್ ವಿಲಿಯಮ್ಸನ್ ಶಾಲೆ ದಿನಗಳಲ್ಲಿ ಆಡಿದ್ದು ಅಡಿಡಾಸ್ ಟೀಮಲ್ಲಿ, ಸೇರಿದ್ದು ನೈಕಿಯ ಡ್ಯೂಕ್ ಕಾಲೇಜಿಗೆ. 2019ರ ಫೆಬ್ರವರಿ 20ಕ್ಕೆ ನಾರ್ತ್ ಕೆರೊಲಿನಾ ವಿರುದ್ಧ ಆಟ ಶುರುವಾಗಿ ಒಂದು ನಿಮಿಷನೂ ಆಗಿರ್ಲಿಲ್ಲ, ಬಾಲ್ ಹಿಡ್ಕೊಂಡು ತಿರುಗೋಕೆ ಹೋದ, ಎಡಗಾಲಿನ ನೈಕಿ ಶೂ ಬದಿಯಲ್ಲಿ ಹರಿದು ಪಾದ ಪೂರ್ತಿ ಹೊರಗೇ ಬಂತು, ಮೊಣಕಾಲು ಹಿಡ್ಕೊಂಡು ಒಳಗೆ ಹೋದ. ಮಾರನೇ ದಿನ ನೈಕಿ ಶೇರು ಕೆಳಗಿಳೀತು. ಆ ಹುಡುಗನಿಗೆ ಆಗ ಸಿಕ್ತಿದ್ದದ್ದು ಸ್ಕಾಲರ್‌ಶಿಪ್ ಅಷ್ಟೇ.

ಇನ್ನೊಂದು ಕಡೆ ಡಿಜೆ ವ್ಯಾಗ್ನರ್ ಅನ್ನೋ ಹುಡುಗ. ಅವನ ಅಜ್ಜ ಲೂಯಿವಿಲ್ ಕಾಲೇಜಿನ ಹಳೇ ಆಟಗಾರ, 2022ರಲ್ಲಿ ಅಲ್ಲೇ ಕೆಲಸಕ್ಕೂ ಸೇರಿದ್ರು, ಆ ಕಾಲೇಜ್ ಅಡಿಡಾಸಿದು. ಹುಡುಗ ಅದೇ ವರ್ಷ ಅಕ್ಟೋಬರಲ್ಲಿ ನೈಕಿ ಜೊತೆ ಸೈನ್ ಮಾಡ್ದ, ನವೆಂಬರಲ್ಲಿ ನೈಕಿಯ ಕೆಂಟಕಿ ಕಾಲೇಜ್ ಆರಿಸ್ಕೊಂಡ. ಶೂಗೋಸ್ಕರ ಹೋದ ಅಂತ ನಾನು ಹೇಳಲ್ಲ, ಯಾಕಂದ್ರೆ ಆಗಿನ ಕೆಂಟಕಿ ಕೋಚ್ ಕ್ಯಾಲಿಪಾರಿ ಅವನ ಅಪ್ಪನಿಗೂ ಕೋಚ್ ಆಗಿದ್ದೋರು, ಆ ಸೆಳೆತನೂ ಇತ್ತು. ಮನೆಯೋರು, ಕೋಚು, ಕಂಪನಿ ಮೂರೂ ಒಟ್ಟಿಗೆ ಎಳೀತಾವೆ, ಯಾವುದರ ಕೈ ಮೇಲಾಯ್ತು ಅಂತ ಹೊರಗಿನೋರು ಹೇಳೋದು ಕಷ್ಟ.

ಈಗ ನಿಮ್ಮ ಮಗನ ವಿಷಯ. ಮೊದ್ಲ ಬಾಗಿಲು ಓದು. ಡಿವಿಷನ್ 1 (ಕಾಲೇಜ್ ಆಟದ ಅತಿ ಮೇಲಿನ ದರ್ಜೆ) ಕಾಲೇಜಲ್ಲಿ ಆಡ್ಬೇಕಂದ್ರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸ್ ತನಕ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಎಲ್ಲಾ ಸೇರಿ 16 ಮುಖ್ಯ ಕೋರ್ಸ್ ಲೆಕ್ಕಕ್ಕೆ ಬರ್ಬೇಕು, ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎದ ಎಲಿಜಿಬಿಲಿಟಿ ಸೆಂಟರಲ್ಲಿ ಹೆಸರು ನೋಂದಾಯಿಸ್ಬೇಕು. ಆದ್ದರಿಂದ ಹನ್ನೊಂದನೇ ಕ್ಲಾಸಿಗೆ ವಿಷಯ ಆರಿಸೋ ಮೊದ್ಲು ಇದನ್ನ ನೋಡ್ಕೊಳ್ಳಿ. ಡಿವಿಷನ್ 3 ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡಲ್ಲ, ಯಾರಾದ್ರೂ ಅಲ್ಲಿ "ಸ್ಪೋರ್ಟ್ಸ್ ಕೋಟಾ ಫ್ರೀ ಸೀಟು" ಅಂದ್ರೆ ಸುಳ್ಳು. ಪೂರ್ತಿ ಪಂದ್ಯದ ವಿಡಿಯೋ ಮಾಡಿ (ಡಂಕ್ ಮಾತ್ರ ಕತ್ತರಿಸಿ ಅಂಟಿಸಿದ್ದು ಬೇಡ, ಡಿಫೆನ್ಸಲ್ಲಿ ಕಾಲು ಹೇಗೆ ಓಡತ್ತೆ ಅಂತ ಕೋಚುಗಳು ನೋಡ್ತಾರೆ), ಮಾರ್ಕ್ಸ್‌ಕಾರ್ಡ್ ಜೊತೆ ಕಾಲೇಜ್ ಕೋಚುಗಳಿಗೆ ಮಗನೇ ಇಮೇಲ್ ಬರೀಲಿ. ಅದಕ್ಕೆ ಖರ್ಚಿಲ್ಲ. ಪಂಜಾಬಿನ ಬಲ್ಲೋಕೆ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ 2010ರಲ್ಲಿ ಫ್ಲೋರಿಡಾದ ಐಎಂಜಿ ಅಕಾಡೆಮಿಗೆ ಹೋಗಿದ್ದು ಸ್ಕಾಲರ್‌ಶಿಪ್ ಮೇಲೆ, 2015ರಲ್ಲಿ ಡಲ್ಲಾಸ್ ಟೀಮ್ ಅವನನ್ನ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಡ್ರಾಫ್ಟಲ್ಲಿ, ಅಂದ್ರೆ ಹೊಸ ಆಟಗಾರರನ್ನ ಆರಿಸೋ ಸುತ್ತಲ್ಲಿ, ಆರಿಸ್ತು, ಅಪ್ಪ ಯಾವ ಏಜೆಂಟಿಗೂ ಹೊಲ ಮಾರಿ ಕೊಟ್ಟಿದ್ದಲ್ಲ.

ಪ್ರಶ್ನೆ: 2017ರಲ್ಲಿ ಅಡಿಡಾಸಿನೋರು ಆಟಗಾರನ ಅಪ್ಪನಿಗೆ ದುಡ್ಡು ಕೊಟ್ರು ಅಂತ ಜೈಲಾಯ್ತಂತೆ. ಈಗ ಕಾಲೇಜ್ ಹುಡುಗರೇ ಶೂ ಕಂಪನಿ ಜಾಹೀರಾತಲ್ಲಿ ಬರ್ತಾರೆ. ಆಗ ತಪ್ಪಾಗಿದ್ದು ಈಗ ಸರಿ ಹೇಗೆ?
ಕಾಲೇಜ್ ವಿದ್ಯಾರ್ಥಿನಿ, ಪುಣೆ

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ಯಮ್ಮ. 2017ರ ಸೆಪ್ಟೆಂಬರ್ 26ಕ್ಕೆ ಎಫ್‌ಬಿಐ ಹತ್ತು ಜನರನ್ನ ಹಿಡೀತು, ಅದ್ರಲ್ಲಿ ನಾಲ್ಕು ಕಾಲೇಜುಗಳ ಅಸಿಸ್ಟೆಂಟ್ ಕೋಚುಗಳು, ಜೊತೆಗೆ ಅಡಿಡಾಸಿನ ಜೇಮ್ಸ್ ಗ್ಯಾಟೋ. ಬ್ರಯನ್ ಬೋವೆನ್ ಅನ್ನೋ ಹುಡುಗ ಲೂಯಿವಿಲ್ಲಿಗೆ ಬರ್ಲಿ ಅಂತ ಅವನ ಅಪ್ಪನಿಗೆ ಒಂದು ಲಕ್ಷ ಡಾಲರ್ ಕಂತುಗಳಲ್ಲಿ ಕೊಡೋ ಮಾತಾಗಿತ್ತು, ನೇರ ಕೊಟ್ರೆ ಗೊತ್ತಾಗತ್ತೆ ಅಂತ ಹುಡುಗರ ಟೀಮಿನ ಹೆಸರಲ್ಲಿ ಸುಳ್ಳು ಬಿಲ್ ಮಾಡಿ ಕಂಪನಿಯಿಂದ ದುಡ್ಡು ತೆಗೆದ್ರು. ಕೋರ್ಟಿನ ಮುಂದೆ ಇದ್ದ ವಾದ ಏನಂದ್ರೆ, ಇವರು ಮುಚ್ಚಿಟ್ಟಿದ್ದರಿಂದ ಕಾಲೇಜು ಅರ್ಹತೆ ಇಲ್ಲದ ಹುಡುಗನಿಗೆ ಸ್ಕಾಲರ್‌ಶಿಪ್ ಕೊಟ್ಟು ಮೋಸ ಹೋಯ್ತು ಅಂತ. ಕೋಟಿಗಟ್ಲೆ ತಗೊಂಡ ಕಾಲೇಜು ಮೋಸ ಹೋದವರ ಜಾಗದಲ್ಲಿ ನಿಲ್ತು, ನನಗಂತೂ ಇದು ಯಾವತ್ತೂ ಸರಿ ಅನ್ಸಿಲ್ಲ. 2019ರ ಮಾರ್ಚಲ್ಲಿ ಗ್ಯಾಟೋಗೆ ಒಂಬತ್ತು ತಿಂಗಳು, ಇನ್ನಿಬ್ಬರಿಗೆ ಆರಾರು ತಿಂಗಳು ಶಿಕ್ಷೆ ಆಯ್ತು, ಲೂಯಿವಿಲ್ ಕೋಚ್ ರಿಕ್ ಪಿಟಿನೋ ಕೆಲಸ ಮೊದ್ಲೇ ಹೋಗಿತ್ತು. ಬೋವೆನ್ ಲೂಯಿವಿಲ್ಲಿಗೆ ಒಂದು ಪಂದ್ಯನೂ ಆಡ್ಲಿಲ್ಲ, ಆಸ್ಟ್ರೇಲಿಯಾಗೆ ಹೋಗಿ ಸಿಡ್ನಿಲಿ ಆಡ್ದ. 2019ರಲ್ಲಿ ಅವನನ್ನ ತಗೊಂಡದ್ದು ಇಂಡಿಯಾನಾ ಪೇಸರ್ಸ್, ಅದೇ ಅಕ್ಟೋಬರಲ್ಲಿ ವರ್ಲಿ ಡೋಮಲ್ಲಿ ಪಂದ್ಯ ಆಡೋಕೆ ಮುಂಬೈಗೆ ಬಂದಿತ್ತಲ್ಲ, ಆ ಟೀಮು.

ನಿಯಮ ಬದಲಾಗಿದ್ದು 2021ರ ಜುಲೈ 1ಕ್ಕೆ, ಅವತ್ತಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡಿಬಹುದು. 2025ರ ಜೂನಲ್ಲಿ ಕೋರ್ಟ್ ಒಪ್ಪಿದ ರಾಜಿ ಪ್ರಕಾರ ಕಾಲೇಜೇ ನೇರ ಕೊಡಬಹುದು, ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ 20.5 ಮಿಲಿಯನ್ ಡಾಲರ್. ಮೊದ್ಲು ಮೇಜಿನ ಕೆಳಗೆ ಹೋಗ್ತಿದ್ದದ್ದು ಈಗ ಮೇಲೆ ಬಂದಿದೆ, ಹುಡುಗನ ಕೈಗೇ ಬರ್ತಿದೆ, ಅದು ನನಗೆ ಖುಷಿ. ಆದ್ರೆ ಕಂಪನಿ ಸೆಳೆತ ಕಮ್ಮಿ ಆಗಿದೆ ಅಂದ್ಕೋಬೇಡ, ಈಗ ಹೈಸ್ಕೂಲಲ್ಲೇ ಸೈನ್ ಮಾಡಿಸ್ಬಹುದು. ಮತ್ತೆ ಇಲ್ಲಿಂದ ಹೋಗೋರು ಎಫ್-1 ವಿದ್ಯಾರ್ಥಿ ವೀಸಾ ಮೇಲೆ ಹೋಗ್ತಾರೆ, ಅದ್ರಲ್ಲಿ ಕ್ಯಾಂಪಸ್ ಹೊರಗೆ ಅನುಮತಿ ಇಲ್ದೆ ದುಡಿಯೋ ಹಾಗಿಲ್ಲ, ಅಮೆರಿಕದಲ್ಲಿ ನಿಂತು ಜಾಹೀರಾತು ಶೂಟ್ ಮಾಡಿದ್ರೆ ವೀಸಾಗೇ ಕುತ್ತು ಬರಬಹುದು. ನಿನ್ನ ಟೀಮಲ್ಲಿ ಯಾರಾದ್ರೂ ಹೊರಡ್ತಿದ್ರೆ ಸೈನ್ ಮಾಡೋ ಮೊದ್ಲು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಲ್ಲಿ ಕೇಳೋಕೆ ಹೇಳು.

ಪ್ರಶ್ನೆ: ಮಗಳು ನಾಗಪಾಡಾದ ಸಿಮೆಂಟ್ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡ್ತಾಳೆ. ಸ್ಟಾರ್ ಹೆಸರಿನ ಹದಿನೈದು ಸಾವಿರದ ಶೂ ಬೇಕಂತೆ. ಕೊಡಿಸ್ಲಾ?
ಒಬ್ಬ ಅಪ್ಪ, ಮಾಟುಂಗಾ

ಉತ್ತರ: ಬೇಡ ಅಣ್ಣ. ಆ ಶೂಗಳಲ್ಲಿ ಬಹಳಷ್ಟು ಮರದ ಕೋರ್ಟಿಗೆ ಅಂತ ಮಾಡಿದ್ದು, ತಳ ಮೆತ್ತಗಿರತ್ತೆ, ಸಿಮೆಂಟಲ್ಲಿ ಬೇಗ ಸವೀತದೆ. ತಳದಲ್ಲಿ ದಪ್ಪ ಗಟ್ಟಿ ರಬ್ಬರ್, ಆಳವಾದ ಗೆರೆ ಇರೋದು ನೋಡಿ, ಅದರ ಅರ್ಧ ರೇಟಲ್ಲೂ ಸಿಗತ್ತೆ. ಅವಳನ್ನೇ ಕರ್ಕೊಂಡು ಹೋಗಿ, ಸಾಯಂಕಾಲದ ಹೊತ್ತು, ಆಡುವಾಗ ಹಾಕೋ ಸಾಕ್ಸ್ ಹಾಕಿಸಿ ಎರಡೂ ಕಾಲಿಗೆ ತೊಡಿಸಿ ನೋಡಿ ತಗೊಳ್ಳಿ.